ಅಂಗಾತ ಇಟ್ಟ ತಾಟು

ಜೂನ್ ೧೬, ೨೦೨೫, ಸೋಮವಾರ

ಇವತ್ತು ಎದುರಿನ ಕಾಲೇಜಿನ ದೊಡ್ಡಸಾಲಿಯವರು ಬಂದು ಎರಡು ವಸ್ತು ಕೊಟ್ಟು ಹೋದರು. ಒಂದು, ನಮ್ಮ ಗಲ್ಲಿಯನ್ನು ಕೆಡವುತ್ತೇವೆಂಬ ನೋಟೀಸು. ಇನ್ನೊಂದು, ಈ ಡೈರಿ. ಜನವರಿಯಲ್ಲಿ ಹಂಚಿ ಉಳಿದದ್ದಿರಬೇಕು. ಐದೂವರೆ ತಿಂಗಳನ್ನು ಅವರೇ ತಿಂದು ಉಳಿದದ್ದನ್ನು ನನಗೆ ಕೊಟ್ಟಿದ್ದಾರೆ. ಮೊದಲ ಪುಟದಲ್ಲಿ ಹನ್ನೆರಡು ಅಂತಸ್ತಿನ ಹಾಸ್ಟೆಲಿನ ಚಿತ್ರ. ಅದರಲ್ಲಿ ಗಿಡಗಳಿವೆ, ಹಲ್ಲು ಕಿಸಿಯುವ ಹುಡುಗಿಯರಿದ್ದಾರೆ. ನಮ್ಮ ಮನೆ ಇಲ್ಲ.

ಅವರ ಕಾಗದದ ಮೇಲೆ ಅವರನ್ನೇ ಬೈಯಲು ಅನುಕೂಲವೆಂದು ಬರೆಯಲು ಕೂತಿದ್ದೇನೆ. ಬೀಗ ಹಾಕಿಡುವ ಕಾರಣವಿಲ್ಲ. ಈ ಮನೆಯಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ. ಅದೂ ನಾಲ್ಕನೆಯ ಇಯತ್ತೆಯವರೆಗೆ, ರೋಣದ ಹತ್ತಿರದ ನಮ್ಮೂರಿನಲ್ಲಿ. ಐದನೆಯದಕ್ಕೆ ಹಳ್ಳ ದಾಟಿ ಹೋಗಬೇಕಿತ್ತು, ಅಪ್ಪ ದಾಟಿಸಲಿಲ್ಲ. ಮಗಳ ಮಗಳು ನಮ್ರತಾ ಇಂಜಿನಿಯರ್. ನನ್ನ ಜೊತೆಗೇ ಇದ್ದಾಳೆ. ಕನ್ನಡದಲ್ಲಿ ಶುರು ಮಾಡಿದ ಮಾತನ್ನು ಮರಾಠಿಯಲ್ಲಿ ಮುಗಿಸುತ್ತಾಳೆ. ಕನ್ನಡ ಅಕ್ಷರ ಕಂಡರೆ ಮಾತ್ರ ಹಾವು ಕಂಡವರ ಹಾಗೆ ಹಿಂದೆ ಸರಿಯುತ್ತಾಳೆ.

ಇವಳ ನೌಕರಿ ಎಲ್ಲಿ? ದೊಡ್ಡಸಾಲಿಯ ಕಟ್ಟಡ ವಿಭಾಗದಲ್ಲಿ. ನನ್ನ ಮನೆ ಕೆಡಹುವವರ ಡಬ್ಬಿಗೆ ದಿನಾ ಬೆಳಿಗ್ಗೆ ನಾನೇ ರೊಟ್ಟಿ ಕಟ್ಟುತ್ತೇನೆ.

ಜೂನ್ ೧೭, ಮಂಗಳವಾರ

ನಿನ್ನೆ ಸಿಟ್ಟಿನಲ್ಲಿ ಬರೆದದ್ದು ಹಿಂದೆ ಮುಂದೆ ಆಗಿದೆ. ಇವತ್ತು ಸರಿಯಾಗಿ ಬರೆಯುತ್ತೇನೆ.

ನಾಗಪುರದ ಹತ್ತಿರದ ಕಾಮಠಿಯ ಈ ಕಾಲೇಜು ಬ್ರಿಟಿಷರ ಕಾಲದ್ದು. ಕಲ್ಲಿನ ಗೇಟು, ಅದರ ಮೇಲೆ ನಾಲ್ಕು ಗಂಟೆಗೆ ನಿಂತುಹೋದ ಗಡಿಯಾರ, ನಾನೂರು ಹುಡುಗರು. ಆ ನಾನೂರು ಹುಡುಗರ ಮೇಲೆ ನಮ್ಮ ಗಲ್ಲಿ ಬದುಕಿತು: ಚಹಾದವನು, ಧೋಬಿ, ಪುಸ್ತಕಕ್ಕೆ ರಟ್ಟು ಕಟ್ಟುವ, ನಮ್ಮ ಮಾತು ಬಂದರೂ ಅಕ್ಷರ ಬಾರದ ಲಕ್ಷ್ಮೀನಾರಾಯಣ, ಮತ್ತು ನನ್ನ ಖಾನಾವಳಿ. ಗಲ್ಲಿಯ ಜಾಗವೂ ಕಾಲೇಜಿನದೇ. ಹೋದ ವರ್ಷ ನಾಗಪುರದ ಹೊಸ ಯುನಿವರ್ಸಿಟಿಯೊಂದು ಕಾಲೇಜನ್ನು ನುಂಗಿತು, ಜೊತೆಗೆ ನಮ್ಮನ್ನೂ. ಯುನಿವರ್ಸಿಟಿ ಎಂಬ ಮಾತು ನನ್ನ ಉಳಿದಿರುವ ಹಲ್ಲುಗಳ ನಡುವೆ ನಿಲ್ಲುವುದಿಲ್ಲ. ನನಗೆ ಅದು ದೊಡ್ಡಸಾಲಿ. ಈ ವರ್ಷ ನಾಲ್ಕು ಸಾವಿರ ಹುಡುಗರಂತೆ.

ನಮ್ಮ ಯಜಮಾನರು ಗುರುಸಿದ್ದಪ್ಪನವರು ರೈಲ್ವೆಯಲ್ಲಿದ್ದು ವರ್ಗವಾಗಿ ಇಲ್ಲಿಗೆ ಬಂದವರು. ಖಾನಾವಳಿ ಶುರುವಾದದ್ದು ೧೯೮೬ರಲ್ಲಿ. ಅದರ ನಿಯಮ ಅವರದೇ. ಪ್ರತಿ ಹುಡುಗನೂ ತನ್ನ ಸ್ಟೀಲಿನ ತಾಟು ತರಬೇಕು. ಅದರ ಅಂಚಿಗೆ ಹೆಸರನ್ನೂ ಇಸವಿಯನ್ನೂ ಅವರೇ ಮೊಳೆಯಿಂದ ಚುಚ್ಚುತ್ತಿದ್ದರು, ಕನ್ನಡದಲ್ಲೇ. ಹುಡುಗ ಮರಾಠಿಯವನಿರಲಿ, ಬಿಹಾರದವನಿರಲಿ, "ಊಟಾ ನಮ್ಮದು, ಅಕ್ಷರಾನೂ ನಮ್ಮದ" ಎನ್ನುತ್ತಿದ್ದರು. ಪಾಪ, ಹುಡುಗರು ತಮ್ಮ ತಾಟನ್ನು ಅದರ ತಗ್ಗು, ಗೀರು ನೋಡಿ ಗುರುತು ಹಿಡಿಯುತ್ತಿದ್ದರು. ಯಜಮಾನರು ಹೋಗಿ ಒಂಬತ್ತು ವರ್ಷ. ಈಗ ನಾನು ಚುಚ್ಚುತ್ತೇನೆ. ಕೋಳಿ ಕೆದರಿದ ಹಾಗಿರುತ್ತದೆ.

ಹಲಗೆಯ ಮೇಲೆ ತಾಟು ಅಂಗಾತ ಇದ್ದರೆ ಆ ಹುಡುಗ ಊಟಕ್ಕೆ ಬರುತ್ತಾನೆ, ರೊಟ್ಟಿ ಬಡಿಯಬೇಕು. ಬರದಿದ್ದರೆ ಮೊದಲೇ ಬಂದು ಬೋರಲು ಹಾಕಬೇಕು. ಓದು ಮುಗಿಸಿ ಊರು ಬಿಡುವವನು ಕಡೆಯ ಊಟ ಮಾಡಿ, ತಾಟು ತೊಳೆದು, ಬೋರಲು ಹಾಕಿ, ಅಲ್ಲೇ ಬಿಟ್ಟು ಹೋಗಬೇಕು. ಹಾಗೆ ಬಿಟ್ಟ ತಾಟುಗಳಿಂದ ಅಟ್ಟ ತುಂಬಿದೆ.

ಹೇಳದೆ ಹೋದವನು ಒಬ್ಬನೇ. ಅವನ ತಾಟು ಇಪ್ಪತ್ತೆಂಟು ವರ್ಷದಿಂದ ಅಂಗಾತ ಇದೆ. ನಿಯಮ ಎಂದರೆ ನಿಯಮ. ಅವನ ಪಾಲಿನ ರೊಟ್ಟಿ ದಿನಾ ಬಡಿಯುತ್ತೇನೆ. ದಿನಾ ಅದನ್ನು ಲಕ್ಷ್ಮೀನಾರಾಯಣ ತಿನ್ನುತ್ತಾನೆ.

ಈಗ ನೋಟೀಸಿನ ಮಾತು. ಗಲ್ಲಿಯಲ್ಲಿ ಅಂಗಡಿ, ಉದ್ಯೋಗ ನಡೆಸುವವರಿಗೆ ಕಾಲೇಜಿನ ಆವರಣದಲ್ಲಿ ಜಾಗ ಕೊಡುತ್ತಾರಂತೆ. ಬರೀ ವಾಸ ಇರುವವರು ದೀಪಾವಳಿಯ ಹೊತ್ತಿಗೆ ಖಾಲಿ ಮಾಡಬೇಕಂತೆ. ಯಾರು ಯಾವುದೆಂದು ನೋಡಲು ಕಮಿಟಿ ಬರುತ್ತದೆ.

ಬರಲಿ. ಆ ಒಬ್ಬನದು ಬಿಟ್ಟು ಮೂವತ್ತೊಂದು ತಾಟು ಅಂಗಾತ ಇವೆ. ಕುರುಡನಿಗೂ ಕಂಡೀತು.

ಜುಲೈ ೫, ಶನಿವಾರ

ಗೇಟಿನ ಒಳಗೆ ತಗಡಿನ ಛಾವಣಿ ಹಾಕಿ ಫುಡ್ ಕೋರ್ಟು ಎಂಬುದನ್ನು ತೆರೆದಿದ್ದಾರೆ. ಮೊಬೈಲ್ ಒತ್ತಿದರೆ ಊಟ ಬರುತ್ತದಂತೆ. ಇವತ್ತು ಬೆಳಿಗ್ಗೆ ನನ್ನ ಹಲಗೆಯ ಮೇಲೆ ಒಂಬತ್ತು ತಾಟು ಬೋರಲು.

ರೊಟ್ಟಿ ಬಡಿಯಲು ಬರುವ ಚಂದ್ರಭಾಗಾಬಾಯಿ ಎಣಿಸಿ ನಿಟ್ಟುಸಿರುಬಿಟ್ಟಳು. ಲಕ್ಷ್ಮೀನಾರಾಯಣ ಬಾಗಿಲಲ್ಲಿ ನಿಂತು, "ಯಲ್ಲಮ್ಮಕ್ಕಾ, ನೀವೂ ಮೊಬೈಲ್‌ನ್ಯಾಗ ಬರ್ರಿ" ಎಂದ.

"ನಾ ಮೊಬೈಲ್‌ನ್ಯಾಗ ಹೋದರ ನಿನಗ ಪುಕಟ್ ರೊಟ್ಟಿ ಅದರಾಗಿಂದ ಉದುರತಾವೇನಪಾ?"

ಅವನ ಕಷ್ಟವೂ ನನ್ನದೇ. ಹುಡುಗರು ಪ್ರಬಂಧವನ್ನೆಲ್ಲ ಈಗ ಕಂಪ್ಯೂಟರಿನಲ್ಲೇ ಕೊಡುತ್ತಾರೆ, ರಟ್ಟು ಯಾರಿಗೂ ಬೇಡ. ಧೋಬಿಯ ಗತಿ ಕೇಳಬಾರದು, ಹೊಸ ಪಿ.ಜಿ.ಗಳಲ್ಲಿ ಬಟ್ಟೆ ಒಗೆಯುವ ಮಶೀನು.

ಜುಲೈ ೨೭, ಭಾನುವಾರ

ರೊಟ್ಟಿ ಪಂಚಮಿ. ಕಳಮನಾ ಪೇಟೆಯಿಂದ ತರಿಸಿದ ಜೋಳ ಚಲೋ ಇತ್ತು, ಹಿಟ್ಟು ಜಿಗಿ ಬಂತು. ಚಂದ್ರಭಾಗಾ ಮತ್ತು ನಾನು ಬೆಳಗಿನಿಂದ ಬಡಿದದ್ದೇ ಬಡಿದದ್ದು. ಎಳ್ಳು ಹಚ್ಚಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಎಲ್ಲವನ್ನೂ ಒಬ್ಬೊಬ್ಬ ಹುಡುಗನಿಗೂ ಎರಡು ದಿನಕ್ಕಾಗುವಷ್ಟು ಕಟ್ಟಿ ಕೊಟ್ಟೆ. ಚೌತಿ, ಪಂಚಮಿಗೆ ನಮ್ಮಲ್ಲಿ ಹಂಚು ಒಲೆ ಏರುವುದಿಲ್ಲ. ಹುಡುಗರು ಹೋಗುವಾಗ ತಾಟು ಬೋರಲು ಹಾಕಿ ಹೋದರು, ನಿಯಮದ ಪ್ರಕಾರ. ಒಳ್ಳೆಯ ಮಕ್ಕಳು. ಇವರು ಇನ್ನೂ ಇಪ್ಪತ್ತೆರಡು ಮಂದಿ ಇದ್ದಾರೆ.

ಆ ಒಬ್ಬನ ತಾಟನ್ನೂ ಹಲಗೆಯಿಂದ ಇಳಿಸಿ ಅಟ್ಟದ ಮೇಲಿಟ್ಟೆ. ಎರಡು ದಿನ ಅವನಿಗೂ ರಜೆ.

ಜುಲೈ ೨೯, ಮಂಗಳವಾರ

ಪಂಚಮಿ. ಹಿತ್ತಲ ಬೇವಿನ ಮರಕ್ಕೆ ನಮ್ರತಾ ಜೋಕಾಲಿ ಕಟ್ಟಿ ಕೊಟ್ಟು ಕೆಲಸಕ್ಕೆ ಹೋದಳು. ಹೋಗುವಾಗ, "ಅಜ್ಜಿ, ಹಳೂ ಆಡ. ಎಪ್ಪತ್ತೊಂದು ಆತು ನಿನಗ" ಎಂದಳು. ಜೋಕಾಲಿಗೆ ನನ್ನ ವಯಸ್ಸು ಗೊತ್ತಿಲ್ಲ. ಚಲೋ ಜೀಕಿತು.

ಮಧ್ಯಾಹ್ನ ಮೂವರು ಬಂದರು. ಕೊರಳಲ್ಲಿ ಪಟ್ಟಿ, ಕೈಯಲ್ಲಿ ಹಲಗೆಯಂಥ ಮೊಬೈಲು. ಒಬ್ಬ ಅಡುಗೆಮನೆಗೆ ಇಣುಕಿದ, ಒಬ್ಬ ತಾಟಿನ ಹಲಗೆಯ ಫೋಟೋ ತೆಗೆದ, ಇನ್ನೊಬ್ಬ ಹಿತ್ತಲಿಗೆ ಬಂದು ನನ್ನದೇ ಫೋಟೋ ತೆಗೆದ. ನಾನು ಆಗ ಜೋಕಾಲಿ ಜೀಕಿ ಮೇಲೆ ಹೋಗಿದ್ದೆ. ಕೆಳಗೆ ಬಂದಾಗ, "ಊಟಾ ಬೇಕಂದ್ರ ನಾಳಿ ಬರ್ರಿ" ಎಂದು ಹಿಂದಿಯಲ್ಲಿ ಹೇಳಿದೆ. ನಕ್ಕು ಹೋದರು. ಯಾರೋ ದೂರದ ಊರಿನ ಹುಡುಗರು. ಮರ್ಯಾದೆಯವರು, ಚಪ್ಪಲಿ ಹೊರಗೆ ಬಿಟ್ಟಿದ್ದರು.

ಆಗಸ್ಟ್ ೬, ಬುಧವಾರ

ಆ ಮೂವರೇ ಕಮಿಟಿ.

ಗೇಟಿಗೆ ಇಂಗ್ಲಿಷಿನಲ್ಲಿ ಪಟ್ಟಿ ಹಚ್ಚಿದ್ದಾರೆ. ಲಕ್ಷ್ಮೀನಾರಾಯಣನ ಹೆಸರಿನ ಮುಂದೆ "ಉದ್ಯೋಗ ನಡೆಯುತ್ತಿದೆ". ಹೋದ ತಿಂಗಳು ಪೂರ್ತಿ ಅವನು ಕಟ್ಟಿದ್ದು ಎರಡು ರಟ್ಟು. ನನ್ನ ಹೆಸರಿನ ಮುಂದೆ ಏನಿದೆ ಎಂದು ನಮ್ರತಾಳನ್ನು ಕೇಳಿದೆ. ಓದಲು ಹಿಂಜರಿದಳು. ಗದರಿಸಿದ ಮೇಲೆ ಓದಿದಳು: "ವಾಸದ ಮನೆ. ಒಲೆ ಆರಿದೆ. ಹಂಚು ಗೋಡೆಗೆ ಒರಗಿಸಿದೆ. ತಾಟುಗಳೆಲ್ಲ ಮಗುಚಿವೆ, ಬಳಕೆಯಲ್ಲಿಲ್ಲ. ನಿವಾಸಿ ವೃದ್ಧೆ ವಿಶ್ರಾಂತ ಜೀವನ ನಡೆಸುತ್ತಿದ್ದಾರೆ."

ಜೊತೆಗೆ ಫೋಟೋ. ಜೋಕಾಲಿಯ ಮೇಲೆ ನಾನು, ಕಾಲು ಆಕಾಶಕ್ಕೆ.

ಮೂವತ್ತೊಂಬತ್ತು ವರ್ಷದಲ್ಲಿ ನಾನು ವಿಶ್ರಾಂತಿ ತೆಗೆದುಕೊಂಡದ್ದು ಅದೊಂದು ಮಧ್ಯಾಹ್ನ!

"ಕಮಿಟಿ ಅವತ್ತ ಬರತೈತಿ ಅಂತ ಗೊತ್ತಿತ್ತೇನ ನಿನಗ?" ಎಂದು ಕೇಳಿದೆ.

"ನನಗ ಹೇಳೇ ಇಲ್ಲ, ಅಜ್ಜಿ. ಇದು ನನ್ನ ಮನೀ ಅಂತ ಆ ಕಾಮಿನಿಂದ ಹೊರಗ ಇಟ್ಟಿದ್ರು. ಐಕ್ ನಾ, ಹರಕತ್ ಅರ್ಜಿ ಕೊಡೂಣು, ಹದಿನೆಂಟಕ್ಕ ಸುನಾವಣಿ ಐತಿ..."

"ಕನ್ನಡದಾಗ ಹೇಳು, ಇಲ್ಲಾ ಸುಮ್ನ ಇರು."

ಚೀಲ ಎತ್ತಿಕೊಂಡು ಒಳಗೆ ಹೋದಳು.

ಆಗಸ್ಟ್ ೭

ಮಾತಿಲ್ಲ. ಡಬ್ಬಿ ಕಟ್ಟಿದೆ. ಅದಕ್ಕೂ ಸಿಟ್ಟಿಗೂ ಸಂಬಂಧವಿಲ್ಲ.

ಆಗಸ್ಟ್ ೮

ಮಾತಿಲ್ಲ. ಡಬ್ಬಿಯಲ್ಲಿ ಚಟ್ನಿ ಹಾಕಲಿಲ್ಲ.

ಆಗಸ್ಟ್ ೧೦, ಭಾನುವಾರ

ನಿನ್ನೆ ಎದ್ದು ನೋಡಿದರೆ ನಮ್ರತಾ ಅಟ್ಟದ ಮೇಲೆ, ತಲೆತುಂಬ ಜೇಡರ ಬಲೆ. ತಾಟುಗಳನ್ನೆಲ್ಲ ಕೆಳಗಿಳಿಸುತ್ತಿದ್ದಳು. ನಾನೂರ ಹನ್ನೆರಡು. "ಅಜ್ಜಿ, ನಮ್ಮ ಕಡೆ ಲೈಸೆನ್ಸ್ ಇಲ್ಲ, ಪಾವತಿ ಇಲ್ಲ. ಇವ ನಮ್ಮ ಪುರಾವಾ. ನೀ ಓದು, ನಾ ಬರ್ಕೋತೀನಿ" ಎಂದಳು.

ಓದಿದೆ. ಅವಳು ಇಂಗ್ಲಿಷಿನಲ್ಲಿ ಬರೆದುಕೊಂಡಳು. ಐವತ್ತನೆಯ ತಾಟಿನ ಹೊತ್ತಿಗೆ "ತಡಿ, ಇದು 'ರಾ' ಹೌದಲ್ಲೋ?" ಎಂದಳು. ಹೌದು. ನೂರನೆಯ ತಾಟಿನ ಹೊತ್ತಿಗೆ ನನಗಿಂತ ಮೊದಲೇ "ರಾಜೇಂದ್ರ!" ಎಂದು ಕೂಗಿದಳು. ಅದು ರಾಜಾರಾಮ. ಆದರೂ ಪರವಾಗಿಲ್ಲ, ರಾಜನವರೆಗೆ ಬಂದಿದ್ದಾಳೆ.

ಆಮೇಲೆ ಒಂದು ತಾಟನ್ನು ಮಡಿಲಲ್ಲಿಟ್ಟುಕೊಂಡು ಬೆರಳಾಡಿಸುತ್ತ ಕೂತಳು. "ಅಜ್ಜಾ ಎಷ್ಟ ಸುಂದರ ಬರೀತಿದ್ದ" ಎಂದಳು. ನನಗೆ ಕಣ್ಣಿಗೆ ಧೂಳು ಬಿತ್ತು. ಅಟ್ಟದ ಧೂಳು ಕೆಟ್ಟದ್ದು.

ಡಬ್ಬಿಗೆ ಚಟ್ನಿ ಹಾಕಲು ಶುರು ಮಾಡಿದ್ದೇನೆ.

ಆಗಸ್ಟ್ ೧೭, ಭಾನುವಾರ

ನಾಳೆ ವಿಚಾರಣೆ, ನಮ್ರತಾ ಹೇಳುವ ಸುನಾವಣಿ, ಕಾಲೇಜಿನ ಒಳಗೆ. ತಾಟುಗಳನ್ನು ನಮ್ರತಾ ಒಯ್ದರೆ ಸಾಕು ಎಂದೆ. "ಓದಾವ್ರು ಯಾರು?" ಎಂದಳು.

ಇದನ್ನು ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತೇನೆ. ಮೂವತ್ತೊಂಬತ್ತು ವರ್ಷ ಆ ಗೇಟಿನ ಎದುರಿಗೇ ಇದ್ದೇನೆ. ಒಮ್ಮೆಯೂ ಅದನ್ನು ದಾಟಿಲ್ಲ. ಯಜಮಾನರು ಎರಡು ಸಲ ಕರೆದರು, ಹಿಟ್ಟು ನಾದಬೇಕೆಂದೆ. ನಾಲ್ಕನೆಯ ಇಯತ್ತೆಯವಳಿಗೆ ಅಲ್ಲೇನು ಕೆಲಸ? ಒಳಗೆ ಹೋದರೆ ಯಾರಾದರೂ ಏನಾದರೂ ಕೇಳಿದರೆ?

ಇಳಕಲ್ ಸೀರೆ ತೆಗೆದಿಟ್ಟಿದ್ದೇನೆ. ಹೋಗುವೆನೆಂದು ಅಲ್ಲ. ಗಾಳಿಗೆ ಹಾಕಲು.

ಆಗಸ್ಟ್ ೧೮, ಸೋಮವಾರ

ಹೋಗಿ ಬಂದೆ.

ಲಕ್ಷ್ಮೀನಾರಾಯಣನ ಕೈಗಾಡಿಯಲ್ಲಿ ಅಟ್ಟದ ನಾನೂರ ಹನ್ನೆರಡು ತಾಟು, ಜೊತೆಗೆ ಹಲಗೆಯ ಮೇಲಿದ್ದವೂ. ಕಲ್ಲಿನ ಹಾದಿಯ ಮೇಲೆ ಅದರ ಸಪ್ಪಳಕ್ಕೆ ಕಾಲೇಜಿನ ಕಿಟಕಿಗಳೆಲ್ಲ ತೆರೆದವು. ಗೇಟಿನಲ್ಲಿ ಹೊಸ ವಾಚ್‌ಮನ್ ತಡೆದು ಐ.ಡಿ. ಕಾರ್ಡು ಕೇಳಿದ. "ತಮ್ಮಾ, ನಿನಗಿಂತ ಮೊದಲಿದ್ದ ಮೂರು ವಾಚ್‌ಮನ್ ನನ್ನ ರೊಟ್ಟಿ ತಿಂದು ಪೆನ್ಶನ್ ಹೋದ್ರು. ನೀ ಸರಿ" ಎಂದೆ. ಕನ್ನಡ ತಿಳಿಯದಿದ್ದರೂ ಸರಿದ. ಹೀಗೆ ಗೇಟು ದಾಟಿದೆ. ದಾಟಿದ ಮೇಲೆ ನೆನಪಾಯಿತು, ಹೆದರಬೇಕಿತ್ತೆಂದು.

ಎತ್ತರದ ಛಾವಣಿಯ ಹಾಲು. ಮೇಜಿನ ಹಿಂದೆ ಮೂವರು, ಅವತ್ತು ಬಂದ ಹುಡುಗರಲ್ಲ. ನಡುವೆ ದಪ್ಪ ಕನ್ನಡಕದ ರಿಜಿಸ್ಟ್ರಾರ್ ಸಾಹೇಬ, ಈ ವರ್ಷವೇ ಬಂದವರಂತೆ. ಪಕ್ಕಕ್ಕೆ ಬರೆದುಕೊಳ್ಳಲು ಲೈಬ್ರರಿಯ ಕೃಪಾ ಮೇಡಂ. ಎಲ್ಲ ಮಾತೂ ಮರಾಠಿಯಲ್ಲಿ. ಇಲ್ಲಿ ನನ್ನ ಮಾತಿನಲ್ಲೇ ಬರೆಯುತ್ತೇನೆ.

"ಆಜೀ, ಖಾನಾವಳಿ ನಡೆಯುತ್ತಿರುವುದಕ್ಕೆ ದಾಖಲೆ?" ಎಂದರು ಒಬ್ಬರು.

ನಾನು ತಾಟು ತೋರಿಸಿದೆ. ಅವರು ತಿರುಗಿಸಿ ಮುರುಗಿಸಿ ನೋಡಿದರು. ಓದಲು ಬರಲಿಲ್ಲ. ಇಷ್ಟು ಓದಿದವರು ತುಂಬಿದ ಕಟ್ಟಡದಲ್ಲಿ ಅದನ್ನು ಓದಬಲ್ಲವಳು ನಾನೊಬ್ಬಳೇ ಎಂದು ತಿಳಿದಾಗ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಕನ್ನಡಕ ಹಾಕಿಕೊಂಡು ೧೯೮೬ರಿಂದ ಶುರು ಮಾಡಿದೆ. ನಲವತ್ತು ತಾಟಿಗೆ "ಸಾಕು, ಆಜೀ" ಎಂದರು. "ಊಟದ ನಡುವ ಏಳೂದು ನನ್ನ ಪದ್ಧತಿ ಅಲ್ಲ" ಎಂದು ಮುಂದುವರಿಸಿದೆ.

"೧೯೯೪. ಉಮಾಕಾಂತ. ವರ್ಧಾ. ಇವನೊಬ್ಬ ಹೇಳದ ಓಡಿ ಹೋದಾಂವ" ಎಂದೆ.

ನಡುವಿನ ಸಾಹೇಬರು ಕನ್ನಡಕ ತೆಗೆದರು. ಎದ್ದು ಬಂದು ತಾಟನ್ನು ಕೈಗೆ ತೆಗೆದುಕೊಂಡರು. ಅಕ್ಷರ ನೋಡಲಿಲ್ಲ, ಅಂಚಿನ ತಗ್ಗಿನ ಮೇಲೆ ಹೆಬ್ಬೆರಳಿಟ್ಟರು. "ಇದು ನಿಮ್ಮ ನಲ್ಲಿಗೆ ಬಡಿದು ಆದದ್ದು, ಆಜೀ" ಎಂದರು.

ಕಡ್ಡಿಯಂತಿದ್ದ ಹುಡುಗ. ಈಗ ಈ ಹೊಟ್ಟೆ. ಹೇಗೆ ಗುರುತು ಸಿಗಬೇಕು?

ಇಪ್ಪತ್ತೆಂಟು ವರ್ಷದಿಂದ ಬೈಗುಳ ಕೂಡಿಸಿಟ್ಟಿದ್ದೆ. ಬಾಯಿ ತೆರೆದೆ. ಅಷ್ಟರಲ್ಲಿ ಅವನು, "ಅವತ್ತು ಅಪ್ಪ ಹೋದರೆಂದು ತಂತಿ ಬಂತು. ನೇರ ಸ್ಟೇಶನ್ನಿಗೆ ಓಡಿದೆ. ಆಮೇಲೆ ಓದು ಮುಂದುವರಿಸಲು ಬೇರೆ ಊರಿಗೆ ಹೋಗಬೇಕಾಯಿತು" ಎಂದ.

ಬಾಯಿ ಮುಚ್ಚಿದೆ. ಇಡೀ ಬೈಗುಳ ದಂಡವಾಯಿತು.

ಲಕ್ಷ್ಮೀನಾರಾಯಣ ಹಿಂದಿನಿಂದ ಕೈ ಮುಗಿದು, "ಸಾಹೇಬ್ರ, ನಿಮ್ಮ ಪಾಲಿನ ರೊಟ್ಟಿ ನಾನ ತಿಂದೀನ್ರಿ. ಭಾಳ ಚಲೋ ಇದ್ದವು" ಎಂದು ಮುರುಕು ಮರಾಠಿಯಲ್ಲಿ ಒಪ್ಪಿಕೊಂಡ. ಹಾಲೆಲ್ಲ ನಕ್ಕಿತು. ಉಮಾಕಾಂತ ತಾಟನ್ನು ಬೋರಲು ಹಾಕಲು ಹೋದ. ಕೈ ಹಿಡಿದೆ. "ಮೊದಲ ಊಟಾ. ಆಮ್ಯಾಲೆ ಬೋರಲ."

ಆದರೆ ಅವನು ಅಲ್ಲಿ ಕೂರಲಿಲ್ಲ. ಈ ಮನೆಯ ಅನ್ನ ತಿಂದವನು ಈ ಮಾತು ತೀರ್ಮಾನಿಸಬಾರದೆಂದು ಹೊರಗೆ ನಡೆದ. ಉಳಿದ ಇಬ್ಬರ ಮುಖ ಕಲ್ಲು. ಹಳೆಯ ತಾಟಿನಿಂದ ಹಳೆಯ ಮಾತಷ್ಟೇ ಸಾಬೀತಾಗುತ್ತದೆ, ಈಗ ನಡೆಯುತ್ತಿದೆ ಎನ್ನಲು ಏನಿದೆ ಎಂದರು. ಆಗ ಕೃಪಾ ಮೇಡಂ ಎದ್ದು, "ಈ ವರ್ಷದ ತಾಟುಗಳನ್ನು ಓದಿ, ಆಜೀ" ಎಂದರು. ಓದಿದೆ, ಇಪ್ಪತ್ತೆರಡು. ಅವರು ಲೈಬ್ರರಿಯ ಪಟ್ಟಿ ತೆರೆದು ಒಂದೊಂದೇ ಹೆಸರಿಗೆ ಗೆರೆ ಎಳೆದರು. ಇಪ್ಪತ್ತೆರಡೂ ಸಿಕ್ಕವು. ಪುಸ್ತಕ ಒಯ್ದವರೇ ರೊಟ್ಟಿ ತಿಂದವರು.

"ಹಾಗಾದರೆ ಅವತ್ತು ಯಾಕೆ ಎಲ್ಲ ಮಗುಚಿದ್ದವು?" ಎಂದರು ಇಬ್ಬರಲ್ಲೊಬ್ಬರು.

"ಪಂಚಮಿ ದಿನ ನಿಮ್ಮ ಅವ್ವ ಹಂಚ ಇಡತಿದ್ಲೇನು?" ಎಂದೆ.

ಕಲ್ಲು ಮುಖದವರಲ್ಲಿ ಒಬ್ಬರು ಇಲ್ಲೇ ಪಕ್ಕದ ಭಂಡಾರಾ ಕಡೆಯವರು. ಹಣೆಗೆ ಕೈ ಹಚ್ಚಿದರು. "ನಾವೂ ತವಾ ಇಡುವುದಿಲ್ಲ" ಎಂದರು.

ಆಗಸ್ಟ್ ೨೫, ಸೋಮವಾರ

ಪಟ್ಟಿ ತಿದ್ದಿದ್ದಾರೆ. "ಉದ್ಯೋಗ ನಡೆಯುತ್ತಿದೆ." ಗೆದ್ದೆ ಎಂದು ಚಂದ್ರಭಾಗಾ ಪೇಢೆ ತಂದಳು. ಗೆದ್ದದ್ದೇನು? ಗಲ್ಲಿ ಹೋಗುವುದೇ. ನನಗೆ ಕಾಲೇಜಿನ ಹಳೆಯ ಕುದುರೆ ಲಾಯ ಕೊಟ್ಟಿದ್ದಾರೆ. ಇರಲು ಹಿಂದೆ ಎರಡು ಕೋಣೆ.

ಕುದುರೆಯ ಜಾಗಕ್ಕೆ ನಾನು ಹೋಗುವುದಿಲ್ಲ ಎಂದು ನಮ್ರತಾಗೆ ಹೇಳಿದ್ದೇನೆ.

ಬುಧವಾರ ಉಮಾಕಾಂತ ಊಟಕ್ಕೆ ಬಂದಿದ್ದ. ಎಂಟು ರೊಟ್ಟಿ. ತಾಟು ತೊಳೆದ. ಬೋರಲು ಹಾಕಿದ. ಮರುದಿನ ಬೆಳಿಗ್ಗೆ ಬಂದು ತಾನೇ ಅಂಗಾತ ಇಟ್ಟು ಹೋದ. ಲಕ್ಷ್ಮೀನಾರಾಯಣ ಅವತ್ತಿನಿಂದ ಮುಖ ಬಾಡಿಸಿಕೊಂಡಿದ್ದಾನೆ.

ಸೆಪ್ಟೆಂಬರ್ ೯, ಮಂಗಳವಾರ

ಲಾಯ ನೋಡಿ ಬಂದೆ. ಬೈಯಬೇಕಾದರೆ ನೋಡಿಯೇ ಬೈಯಬೇಕು. ಗೋಡೆ ದಪ್ಪ, ಗಾಳಿ ಚಲೋ. ಒಲೆ ಎಲ್ಲಿ ಬರಬೇಕೆಂದು ನಮ್ರತಾ ಸುಣ್ಣದಲ್ಲಿ ಗೆರೆ ಎಳೆದಿದ್ದಳು. ತಪ್ಪು ಜಾಗ. ಅಳಿಸಿ ನಾನೇ ಎಳೆದೆ. ಸುಮ್ಮನೆ.

ಅಕ್ಟೋಬರ್ ೨೯

ಬೇವಿನ ಮರ ಇವತ್ತು ಬಿತ್ತು. ನೋಡಲು ಹೋಗಲಿಲ್ಲ. ಹಿಟ್ಟು ನಾದುತ್ತಿದ್ದೆ.

ನವೆಂಬರ್ ೩, ಸೋಮವಾರ

ಲಾಯದಲ್ಲಿ ಒಲೆ ಹೊತ್ತಿತು. ಧೋಬಿ ಅಳಿಯನ ಮನೆಗೆ ಹೋದ, ಚಹಾದವನು ಮೊದಲೇ ಹೋಗಿದ್ದ. ಲಕ್ಷ್ಮೀನಾರಾಯಣನಿಗೆ ಪಕ್ಕದ ಗೂಡು ಸಿಕ್ಕಿದೆ, ಅಂದರೆ ರೊಟ್ಟಿಯ ವಾಸನೆಯ ಅಳತೆಯಲ್ಲಿ.

ನಲವತ್ತಾರು ತಾಟು. ಅಸ್ಸಾಮಿನವನೊಬ್ಬ, ಕೇರಳದ ಇಬ್ಬರು, ಹುಡುಗಿಯರೂ ಹನ್ನೊಂದು. ಎಲ್ಲರಿಗೂ ಕನ್ನಡದಲ್ಲೇ ಹೆಸರು ಬೇಕಂತೆ. ನನ್ನ ಕೈ ನಡುಗುತ್ತದೆ. ಈಗ ಮೊಳೆ, ಸುತ್ತಿಗೆ ನಮ್ರತಾಳ ಕೈಯಲ್ಲಿ. ಅವಳ ಅಕ್ಷರ ನನ್ನದಕ್ಕಿಂತ ಚಲೋ, ಅವಳ ಅಜ್ಜನದಕ್ಕಿಂತ ಕೆಟ್ಟದ್ದು. ಅವಳಿಗೆ ಎರಡನೆಯದನ್ನಷ್ಟೇ ಹೇಳಿದ್ದೇನೆ.

ಡಿಸೆಂಬರ್ ೯, ಮಂಗಳವಾರ

ಕೃಪಾ ಮೇಡಂ ಕರೆದೊಯ್ದು ಲೈಬ್ರರಿಯ ಮೂಲೆಯ ಒಂದು ಕಪಾಟು ತೋರಿಸಿದರು. ರೈಲ್ವೆಯ ಕನ್ನಡದವರು ಯಾವಾಗಲೋ ಕೊಟ್ಟ ಪುಸ್ತಕಗಳಂತೆ, ಮುನ್ನೂರೋ ಏನೋ. ಯಾರಿಗೂ ಓದಲು ಬರದೆ ಪಟ್ಟಿಗೇ ಸೇರಿಲ್ಲ. "ಆಜೀ, ನೀವು ಹೆಸರು ಓದಿದರೆ ನಾನು ಬರೆದುಕೊಳ್ಳುತ್ತೇನೆ. ಮಧ್ಯಾಹ್ನ ನನಗೆ ಬಿಡುವು" ಎಂದರು.

ಮಧ್ಯಾಹ್ನ ನನಗೆ ಎಲ್ಲಿಯ ಬಿಡುವು? ಅದೂ ನಮ್ಮ ದೊಡ್ಡಸಾಲಿಯಲ್ಲಿ ಇಷ್ಟು ಮಂದಿ ಓದಿದವರಿರುವಾಗ? ಆಗುವುದಿಲ್ಲ ಎಂದೆ. ಪುಸ್ತಕದ ಮೇಲೆ ಬೆರಳು ದಪ್ಪ ಧೂಳು. ನೋಡಿ ಹೊಟ್ಟೆ ಉರಿಯಿತು. ಧೂಳು ಹೊಡೆಯಲು ಬೇಕಾದರೆ ಒಂದು ದಿನ ಹೋಗಬಹುದು.

ಡಿಸೆಂಬರ್ ೧೧, ಗುರುವಾರ

ಇವತ್ತು ಎಲ್ಲರ ಊಟ ಮುಗಿದ ಮೇಲೆ ಎಂದಿನ ಹಾಗೆ ಹಿಟ್ಟು ನಾದುವ ಪರಾತದಲ್ಲೇ ರೊಟ್ಟಿ ಮುರಿದುಕೊಂಡು ಕೂತೆ. ನಮ್ರತಾ ಬಂದು ಪರಾತ ಎಳೆದುಕೊಂಡು, ನನ್ನ ಮಡಿಲಲ್ಲಿ ಒಂದು ಹೊಸ ತಾಟು ಇಟ್ಟಳು. ಅಂಚಿಗೆ ಚುಚ್ಚಿದ್ದಾಳೆ: ಯಲ್ಲಮ್ಮ, ೨೦೨೫.

"ನಾ ಏನ್ ವಿದ್ಯಾರ್ಥಿ ಏನ? ನನಗ್ಯಾಕ ತಾಟು?" ಎಂದೆ.

"ಸುಮ್ನ ತಿನ್ನ, ಅಜ್ಜಿ" ಎಂದಳು.

ತಿಂದೆ. ಊಟದ ರುಚಿ ಪರಾತದಲ್ಲಿ ಹೇಗಿತ್ತೋ ಹಾಗೇ ಇತ್ತು. ತುಸು ಚಲೋ ಇದ್ದರೂ ಇರಬಹುದು. ತೊಳೆದು ಹಲಗೆಯ ಮೇಲೆ ಉಮಾಕಾಂತನದರ ಪಕ್ಕಕ್ಕೆ ಇಟ್ಟೆ, ನಲವತ್ತೇಳನೆಯದು.

ನಾಳೆ ಮಧ್ಯಾಹ್ನ ಕೃಪಾ ಮೇಡಂ ಕಪಾಟು ತೆಗೆದಿಡುತ್ತಾರಂತೆ. ಕೆಲಸ ಹೊತ್ತಾದರೆ ಅಲ್ಲೇ ಫುಡ್ ಕೋರ್ಟಿನಲ್ಲಿ ಏನಾದರೂ ತಿನ್ನೋಣ ಎಂದಿದ್ದಾರೆ. ಹೋಗುವುದು ಧೂಳು ಹೊಡೆಯಲಿಕ್ಕೆ ಅಷ್ಟೇ; ಇಳಕಲ್ ಸೀರೆ ಗಾಳಿಗೆ ಹಾಕಿದ್ದೇನೆ.

ನಿಯಮ ಎಂದರೆ ನಿಯಮ. ಈಗ ಎದ್ದು ಹೋಗಿ ನನ್ನ ತಾಟನ್ನು ಬೋರಲು ಹಾಕಿ ಬಂದೆ. ನಾಳೆ ಒಬ್ಬರ ರೊಟ್ಟಿ ಕಡಿಮೆ ಬಡಿಯಬೇಕೆಂದು ಚಂದ್ರಭಾಗಾಗೆ ಹೇಳಬೇಕು.